ಮರಗಮ್ಮ ತಾಯಿ ನನ್ನ ಬಾಯಿ ಬಂದ್ ಮಾಡಿದ್ದು

ಭಕ್ತ ಬಾಂಧವರೇ, ಮೊದಲೇ ಹೇಳಿಬಿಡುತ್ತೇನೆ. ಈ ಸಂಕಟವನ್ನು ನಮ್ಮ ಮನೆಗೆ ತಂದದ್ದು ಶನಿಯಲ್ಲ, ಯಾರ ಕೆಟ್ಟ ದೃಷ್ಟಿಯೂ ಅಲ್ಲ. ನನ್ನ ನಾಲಗೆ.

ನನಗೆ ಎಲ್ಲರ ದನಿಯೂ ಬರುತ್ತದೆ. ನಮ್ಮ ಮರಗಮ್ಮನ ಗುಡಿಯ ಪೂಜಾರಿ ಕಾಕಾ ಮಂಗಳಾರತಿಯ ನಡುವೆ ಕೆಮ್ಮುವುದು, ಹುಮನಾಬಾದ್ ಬಸ್ಸಿನ ಕಂಡಕ್ಟರ್ ಮೂಗಿನಲ್ಲೇ "ಮುಂದ ಸರೀರಿ" ಅನ್ನುವುದು, ಹೆಣ್ಣು ನೋಡಲು ಹೋದಾಗ ನಾನೇ ನನ್ನ ಹೆಸರು ಹೇಳಲು ತೊದಲಿದ್ದು, ಎಲ್ಲ ಮಾಡಿ ತೋರಿಸುತ್ತೇನೆ. ಎಲ್ಲಕ್ಕಿಂತ ಚೆಂದ ಬರುವುದು ನಮ್ಮ ಅವ್ವ ಕೋಳಿ ಕರೆಯುವ ದನಿ. "ಕೊರ್ರ್... ಬಾಬಾಬಾ, ಕೊರ್ರ್... ಬಾಬಾಬಾ!" ಕೊನೆಯ "ಬಾ" ಒಂಚೂರು ಒಡೆದು ಮೇಲೆ ಹೋಗಬೇಕು. ಅಲ್ಲಿದೆ ಮಜಾ.

ಕಳೆದ ದೀಪಾವಳಿ ಆದಮೇಲೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಬಸವಕಲ್ಯಾಣದಲ್ಲಿರುವ ಚಿಕ್ಕಮ್ಮ ಅಲ್ಲಿಯ ದವಾಖಾನೆಗೆ ಸೇರಿಸಿ ತಾನೇ ನೋಡಿಕೊಂಡಳು. ದುಬಲಗುಂಡಿಯ ಮನೆಯಲ್ಲಿ ಉಳಿದದ್ದು ನಾನು ಮತ್ತು ಅವ್ವನ ಕೋಳಿಗಳು. ಬೆಳಿಗ್ಗೆ ಗೂಡಿನ ಬಾಗಿಲಲ್ಲೇ ಜೋಳದ ನುಚ್ಚು ಚೆಲ್ಲಿ ಮಾಣಿಕನಗರದ ಕಾಯಿ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆ ಗೆಳೆಯರು ಮೊಬೈಲ್ ಹಿಡಿದು ಬರುತ್ತಿದ್ದರು. ನಾನು ಅವ್ವನ ದನಿಯಲ್ಲಿ ಕರೆಯಬೇಕು, ಕೋಳಿಗಳು ರೆಕ್ಕೆ ಬಿಚ್ಚಿಕೊಂಡು ಓಡಿಬರಬೇಕು, ಬಂದು ನೆಲ ನೋಡಬೇಕು, ಆಮೇಲೆ ನನ್ನ ಖಾಲಿ ಕೈ ನೋಡಬೇಕು. ಅವರು ವಿಡಿಯೋ ಮಾಡಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಕೋಳಿ ಪೆಚ್ಚಾಗಿ ಕತ್ತು ಓರೆ ಮಾಡುವುದನ್ನೂ ನಾನು ಮಾಡಿ ತೋರಿಸುತ್ತಿದ್ದೆ.

ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ಅವ್ವ ಮನೆಗೆ ಬಂದಳು. ಹೊಸ್ತಿಲ ಬಳಿ ಮಂಚ ಹಾಕಿಸಿಕೊಂಡು, ಮಡಿಲಲ್ಲಿ ನುಚ್ಚಿನ ಮೊರ ಇಟ್ಟುಕೊಂಡು ಕರೆದಳು. "ಕೊರ್ರ್... ಬಾಬಾಬಾ!"

ಒಂದೂ ಬರಲಿಲ್ಲ. ಪಕ್ಕದ ಮನೆಯ ಕಾಶಮ್ಮ ಕಾಕಿಯ ತಿಪ್ಪೆಯಲ್ಲಿ ಕೆದರುತ್ತಿದ್ದ ಹುಂಜ ಒಮ್ಮೆ ಇತ್ತ ನೋಡಿ, ಮತ್ತೆ ಕೆದರತೊಡಗಿತು. ಅವ್ವ ಮತ್ತೆ ಕರೆದಳು. ಮತ್ತೆ. ಆಮೇಲೆ ನನ್ನ ಕಡೆ ತಿರುಗಿದಳು.

"ಸಿದ್ದು, ನನ್ನ ಆವಾಜ ಬದಲಾಗ್ಯಾದೇನೋ? ದವಾಖಾನ್ಯಾಗೇ ಬಿಟ್ಟು ಬಂದೀನೇನು?"

ಆಗ ನಿಜ ಹೇಳಬೇಕಿತ್ತು. "ಥಂಡಿಗೆ ಗಂಟಲ ಜರಾ ಕುಂತಿರಬೇಕವ್ವ" ಅಂದೆ. ಊರಿಗೆಲ್ಲ ಮಾತಾಡುವ ಬಾಯಿ ಅಲ್ಲಿ ಸುಳ್ಳು ಹೇಳಿತು.

ಎದ್ದು ಓಡಿಸಿಕೊಂಡು ಬರಲು ಅವಳಿಗೆ ಕಾಲಿಲ್ಲ. ಇದ್ದದ್ದು ಆ ಕರೆ ಒಂದೇ. ಕತ್ತಲಾದರೆ ಕೋಳಿಗಳು ಸಿಕ್ಕ ಸಿಕ್ಕ ಗೋಡೆಯ ಮೇಲೆ, ಗಿಡದ ಮೇಲೆ ಕೂರತೊಡಗಿದವು. ಓಣಿಯ ಬೆಕ್ಕು ದಪ್ಪಗಾಯಿತು. ನಾನು ಹಿತ್ತಲಿಗೆ ಹೋಗಿ ಅವ್ವನ ದನಿಯಲ್ಲೇ ಕರೆಯುತ್ತಿದ್ದೆ. ಮರೆತು ಹತ್ತಿರ ಬಂದದ್ದನ್ನು ಗಬಕ್ಕನೆ ಹಿಡಿದು ಗೂಡಿಗೆ ತುರುಕುತ್ತಿದ್ದೆ. ಮರುದಿನ ಅದು ಆ ದನಿ ಕೇಳಿದರೆ ಸಾಕು, ಇನ್ನಷ್ಟು ದೂರ ಓಡುತ್ತಿತ್ತು. ಪೊರಕೆ ಹಿಡಿದು ಓಡಿದೆ, ಮುಳ್ಳಿನ ಬೇಲಿಯಲ್ಲಿ ಅಂಗಿ ಹರಿದುಕೊಂಡೆ, ಬೈದೆ. ನನ್ನ ಬೈಗುಳಕ್ಕೆ ಕಾಶಮ್ಮ ಕಾಕಿ ಹೊರಗೆ ಬಂದಳು, ಕೋಳಿ ಬರಲಿಲ್ಲ.

ಒಂದು ಸಂಜೆ ಬೋಳುಕುತ್ತಿಗೆಯ ಹೇಂಟೆ ಮರಿಗಳ ಸಮೇತ ಕಾಣೆಯಾಯಿತು. ಅದರ ತಳಿ ಅವ್ವ ತವರಿನಿಂದ ತಂದದ್ದು. ಅವ್ವ ಕರೆದು ಕರೆದು ಸೋತಳು. ಮೊರವನ್ನು ಮಂಚದ ಕೆಳಗೆ ತಳ್ಳಿ, "ಇವನ್ನ ಯಾರಿಗಾದ್ರೂ ಕೊಟ್ಟುಬಿಡೋ. ನಾ ಕರದ್ರ ಕೋಳಿನೂ ಬರಲ್ವು ಅಂದ್ರ ನಾ ಯಾಕಿರಬೇಕು?" ಅಂದಳು.

ಮರುದಿನ ಮಂಗಳವಾರ. ಕೆಲಸಕ್ಕೆ ಹೋಗುವ ಮುಂಚೆ ಮರಗಮ್ಮನ ಗುಡಿಗೆ ಹೋದೆ. ಪೂಜಾರಿ ಕಾಕಾನ ಕೆಮ್ಮು ಕಿವಿಗೆ ಬಿದ್ದರೂ ಅಣಕಿಸಲು ನನ್ನ ಗಂಟಲು ತುರಿಸದಿದ್ದದ್ದು ಅದೇ ಮೊದಲು. "ತಾಯಿ, ಅವ್ವ ಕರದ್ರ ಕೋಳಿ ಬರಂಗ ಮಾಡು. ನನ್ನ ಕಡಿಂದ ಏನ್ ಬೇಕಾದ್ರೂ ತಗೋ" ಅಂದು ಅತ್ತೆ. ಏನು ಬೇಕಾದರೂ ಅಂದರೆ ಒಂದು ತೆಂಗಿನಕಾಯಿ ಎಂದು ನನ್ನ ಲೆಕ್ಕ. ಅದೂ ನಮ್ಮ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತಿತ್ತು.

ಬುಧವಾರ ಬೆಳಿಗ್ಗೆ "ಅವ್ವಾ" ಎಂದು ಬಾಯಿ ತೆರೆದರೆ ಬರೀ ಗಾಳಿ.

ಭಕ್ತರೇ, ದನಿ ಹೋದ ದುಃಖಕ್ಕಿಂತ ಯಾರೂ ನಂಬದ ಸಿಟ್ಟು ದೊಡ್ಡದು. ಅವ್ವ ನೋಡಿ, "ಇವತ್ತ ಮೂಕನ ನಕಲಿ ಏನು? ಹೋಗು, ಹಲ್ಲುಜ್ಜು" ಅಂದಳು. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೋ?" ಅಂದ. ನಾನು ಗಂಟಲು ತೋರಿಸಿದೆ. "ಗಂಟಲಿಗೆ ಬಸ್ ಹೋಗಲ್ಲಪಾ, ಹುಮನಾಬಾದಿಗೆ ಹೋಗ್ತದ" ಎಂದು ನನ್ನನ್ನೇ ಅಣಕಿಸಿದ. ಬಸ್ಸೆಲ್ಲ ನಕ್ಕಿತು. ನನ್ನ ಕಣ್ಣಲ್ಲಿ ನೀರು ಬಂತು, ಅದಕ್ಕೂ ಒಬ್ಬರು "ವ್ಹಾ, ಖರೇ ಅತ್ತಂಗ ಮಾಡ್ತಾನ ನೋಡ್ರಿ" ಅಂದರು.

ಹುಮನಾಬಾದಿನ ಡಾಕ್ಟರು ಬಾಯಲ್ಲಿ ಬ್ಯಾಟರಿ ಬಿಟ್ಟು ನೋಡಿ, "ಗಂಟಲ ಬಾತದ. ಮಾತು ಬಂದ್. ಪಿಸುಮಾತೂ ಬ್ಯಾಡ" ಅಂದರು. ಅಂಗಡಿ ಮಾಲೀಕರು ಚೀಟಿ ಓದಿ, "ಗಿರಾಕಿ ಕರಿಯಾಂವಗೇ ಬಾಯಿಲ್ಲಾಂದ್ರ ಇಲ್ಲೇನು ಮಾಡ್ತೀ, ಮನೀಗ ಹೋಗು" ಅಂದರು.

ಮನೆಯಲ್ಲಿ ಕೂತು ತಾಯಿಯ ಮೇಲೆ ಹಲ್ಲು ಕಡಿದೆ. ಕೇಳಿದ್ದೇನು, ಕೊಟ್ಟದ್ದೇನು! ಮಾಡಲು ಬೇರೆ ಕೆಲಸವಿಲ್ಲದೆ ಮಂಚದ ಕೆಳಗಿನ ಮೊರ ತೆಗೆದು ಅವ್ವನ ಮಡಿಲಲ್ಲಿಟ್ಟೆ. ಅವಳು ಒಲ್ಲೆ ಅಂದಳು. ಕೈ ಮುಗಿದೆ. ಬೇಸರದಿಂದಲೇ ಕರೆದು ನುಚ್ಚು ಎಸೆದಳು. ಗುಬ್ಬಿಗಳು ತಿಂದವು. ಸಂಜೆಯೂ ಅಷ್ಟೇ. ಮರುದಿನ ಹುಂಜ ದೂರದಿಂದ ನೋಡುತ್ತ ನಿಂತಿತು. ಅವ್ವನ ಕೈ ಆಡಿತು, ಕಾಳು ಉದುರಿತು. ಅದು ಬಂದು ತಿಂದಿತು. ಹಿತ್ತಲಿನಿಂದ ಇನ್ನೊಬ್ಬ ಅವ್ವ ಕರೆಯಲಿಲ್ಲ, ಯಾರೂ ಹಿಡಿಯಲಿಲ್ಲ. ಆಮೇಲೆ ಒಂದರ ಹಿಂದೆ ಒಂದು ಬಂದವು.

ಶುಕ್ರವಾರ ದೀಪ ಹಚ್ಚುವ ಹೊತ್ತು, ಅವ್ವ ಕರೆಯುತ್ತಿದ್ದಂತೆ ಕಾಶಮ್ಮ ಕಾಕಿಯ ಜೋಳದ ಕಣಿಕೆ ಬಣವೆಯ ಸಂದಿಯಿಂದ ಬೋಳುಕುತ್ತಿಗೆ ಹೊರಬಂತು. ಹಿಂದೆ ಮರಿಗಳು. ಎರಡು ಕಡಿಮೆ ಇದ್ದವು. ಆ ಎರಡು ನನ್ನ ಲೆಕ್ಕಕ್ಕೆ.

"ಬಂತು ನೋಡೋ ನನ್ನ ಆವಾಜ!" ಎಂದು ಅವ್ವ ಮೊರವನ್ನೇ ಬೋರಲು ಹಾಕಿದಳು.

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆಗಲಿಲ್ಲ. ಅವಳ ಮುಂದೆ ನಿಂತು ಎಲ್ಲ ಮಾಡಿ ತೋರಿಸಿದೆ: ಅವಳಂತೆ ಬಾಯಿ ತೆರೆದೆ, ಕೋಳಿಯಂತೆ ಓಡಿಬಂದೆ, ನೆಲ ನೋಡಿದೆ, ಕತ್ತು ಓರೆ ಮಾಡಿದೆ, ನನ್ನ ಖಾಲಿ ಅಂಗೈ ಚಾಚಿದೆ, ಮೊಬೈಲ್ ಹಿಡಿದವರಂತೆ ನಕ್ಕೆ. ಜೀವನದಲ್ಲಿ ಅಷ್ಟು ಚೆನ್ನಾಗಿ ನಕಲಿ ಮಾಡಿರಲಿಲ್ಲ, ಯಾರೂ ನಗಲೂ ಇಲ್ಲ. ಅವ್ವ ರಾತ್ರಿಯ ಊಟದವರೆಗೆ ನನ್ನ ಕಡೆ ನೋಡಲಿಲ್ಲ. ಆಗ ತನ್ನ ತಾಟಿನಿಂದ ಒಂದು ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು.

ತಾಯಿ ಮರಗಮ್ಮ ಕೇಳುತ್ತಾಳೆ, ನಾವು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಕೇಳುತ್ತಾಳೆ. ಅವಳ ಪಾದಕ್ಕೆ ನನ್ನ ಶರಣು. ಈಗ ಪ್ರತಿ ಮಂಗಳವಾರ ಗುಡಿಯ ಕಸ ಗುಡಿಸುತ್ತೇನೆ, ಕಾಯಿ ಒಯ್ದರೆ ರೊಕ್ಕ ಕೊಟ್ಟು ಒಯ್ಯುತ್ತೇನೆ. ಆದರೂ ಗಂಟಲು ಸರಿಯಾದ ದಿನ ನನ್ನೊಳಗಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಮೊದಲು ಹೊರಟ ಮಾತೇ ದೂರು.

"ಅವ್ವಾ, ನಾ ಕಾಯಿ ಕೊಡ್ತಿದ್ದೆ. ತಾಯಿ ಹೋಗಿ ಹೋಗಿ ನನ್ನ ಆವಾಜ ಯಾಕ ಕಸಗೊಂಡ್ಳು?"

ಅವ್ವ ಕೋಳಿಗೆ ನುಚ್ಚು ಎಸೆಯುತ್ತಿದ್ದವಳು ತಲೆ ಎತ್ತದೆ ಅಂದಳು:

"ನಿಂದೆಲ್ಲಿ ಕಸಗೊಂಡಾಳೋ ಮಂಗ್ಯಾ? ನಂದು ನನಗ ವಾಪಸ್ ಕೊಡಿಸ್ಯಾಳ."