ಪಟ್ಟಿ ಮ್ಯಾಲ ಒಂದೇ ಗೆರಿ

ನನಗ ಸಿಟ್ಟು ಮೂಗಿನ ತುದಿ ಮ್ಯಾಲೇ ಇರ್ತದ ಅಂತ ದವಾಖಾನಿ ಮಂದಿ ಹಿಂದ ಆಡ್ಕೋತಿದ್ರು. ಆಡ್ಕೊಳ್ಳಿ. ಬೀದರದಾಗಿನ ಆ ಖಾಸಗಿ ದವಾಖಾನಿ ನರ್ಸುಗಳಿಗೆಲ್ಲಾ ನಾನೇ ಹಿರೀಕಿ. ಸಿಟ್ಟಿಲ್ಲದ ವಾರ್ಡ್ ನಡಿಯಾಂಗಿಲ್ಲ. ಭಾಲ್ಕಿ ಮಗಳು ನಾ, ಕೊರಳಾಗ ಲಿಂಗ ಕಟ್ಟಿಕೊಂಡಾಕಿ. ಸುಳ್ಳು ಹೇಳಾಂಗಿಲ್ಲ, ಹೇಳಿದವರನ್ನ ಬಿಡಾಂಗಿಲ್ಲ.

ಮಳಿ ಸಾಲಾಗಿ ಕೈಕೊಟ್ಟ ಕಾಲ ಅದು. ಔರಾದ ಕಡಿ ಹಳ್ಳಿಯಾಗ ಮಂದಿ ಮನಿಗೆ ಬೀಗ ಜಡದು ರಾಜ್ಯದ ಗಡಿ ದಾಟಿ ಕೆಲಸಕ್ಕ ಹೋಗಿದ್ರು. ದವಾಖಾನಿಗೂ ಟ್ಯಾಂಕರ್ ನೀರೇ ಗತಿ. ಅಂಥಾದ್ರಾಗ ಮೈಸೂರ ಕಡಿಯಿಂದ ಹೊಸದಾಗಿ ಬಂದ ದೊಡ್ಡ ಡಾಕ್ಟರು ಹುಕುಂ ಹೊರಡಿಸಿದ್ರು: ಡಾಕ್ಟರಿಂದ ಹಿಡಿದು ಕಸಾ ಹೊಡಿಯೋರ ತನಕ ಎಲ್ಲರದೂ ಮೂತ್ರ ಪರೀಕ್ಷಾ ಆಗಬೇಕು, ನಶೆ ಮಾಡೋರು, ನಿದ್ದಿ ಗುಳಿಗಿ ನುಂಗೋರು ಇದ್ರ ಕೆಲಸಾ ಬಿಡಬೇಕು. ನಾ ಛಲೋ ಆತು ಅಂದೆ. ಇನ್ನೊಬ್ಬರ ಜೀವ ಹಿಡದ ಕೈ ನೆಟ್ಟಗಿರ್ಬೇಕಲ್ಲ. ‘ಕುಡ್ಯಾಕೇ ನೀರಿಲ್ಲ, ಇವರಿಗೆ ಡಬ್ಬಿ ತುಂಬ ಎಲ್ಲಿಂದ ಕೊಡೋಣು?’ ಅಂತ ಗಂಡಸರು ನಗ್ಯಾಡಿದ್ರು.

ಒಂದೊಂದು ನಶೆಕ್ಕ ಒಂದೊಂದು ಪಟ್ಟಿ, ಮೂತ್ರದಾಗ ಅದ್ದಿ ನೋಡೋದು. ಪಟ್ಟಿ ಮ್ಯಾಲ ಎರಡು ಗೆರಿ ಮೂಡಿದ್ರ ಮನಷ್ಯಾ ಸ್ವಚ್ಛ. ಒಂದೇ ಮೂಡಿದ್ರ ಸಿಕ್ಕಿಬಿದ್ದಂಗ. ಬಸುರಿನ ಪಟ್ಟಿ ನೋಡಿ ರೂಢಿ ಆದ ನಮ್ಮ ಹುಡಿಗ್ಯಾರು ಎರಡು ಗೆರಿ ಕಂಡು ಎದಿ ಹಿಡ್ಕೊಂಡ್ರು. ನಾ ಬೇಕಂತ ಜರಾ ಹೊತ್ತು ಹಂಗೇ ಬಿಟ್ಟು ಆಮ್ಯಾಲ ಹೇಳಿದೆ.

ಎಲ್ಲರದೂ ಎರಡೆರಡು. ಹೆರಿಗಿ ವಾರ್ಡಿನ ಆಯಾದು ಮಾತ್ರ ಒಂದೇ ಗೆರಿ, ಅದೂ ನಿದ್ದಿ ಗುಳಿಗಿ ಪಟ್ಟಿಯಾಗ.

ಈಕಿ ಔರಾದ ಕಡಿ ಚಿಂತಾಕಿ ಊರಾಕಿ. ಗಂಡ ಗಡಿ ಆಚಿ ಊರಾಗ ಕಟ್ಟಡ ಕೆಲಸಕ್ಕ ಹೋಗ್ಯಾನ. ಈಕಿ ಎರಡು ಮಕ್ಕಳನ್ನ ಕಟ್ಟಿಕೊಂಡು ನೌಬಾದದಾಗ ಬಾಡಿಗಿ ಖೋಲಿಯಾಗ ಇದ್ಳು. ಮಕ್ಕಳ ಸಾಲಿ, ಊಟ, ಎಲ್ಲಾ ಈ ನೌಕರಿ ಮ್ಯಾಲೇ. ಡಾಕ್ಟರು ನನ್ನ ಕರದು, ‘ಸಿಸ್ಟರ್, ಔಷಧಿ ಬೀರುವಿನಿಂದ ಮಾತ್ರೆ ತೆಗೆದಿರಬೇಕು. ನಾಳೆಯಿಂದ ಬೇಡ ಅಂತ ಹೇಳಿಬಿಡಿ’ ಅಂದ್ರು.

ನನಗ ಬೆಂಕಿ ಹತ್ತಿದಂಗಾತು. ‘ಬೀರುವಿನ ಕೀಲಿ ನನ್ನ ಸೊಂಟದಾಗ ಅದರಿ. ಅಕಿ ಕದ್ದಾಳ ಅಂದ್ರ ನಾ ಮಲಗಿದ್ದೆ ಅಂದಂಗಾತು. ಒಂದು ಗುಳಿಗಿ ಕಮ್ಮಿ ಇಲ್ಲ. ಬಂದು ನೋಡ್ರಿ.’

‘ಹಾಗಾದರೆ ಹೊರಗೆ ಕೊಂಡಿರಬೇಕು. ಪಟ್ಟಿ ಸುಳ್ಳು ಹೇಳುತ್ತಾ?’

ಆಯಾನ್ನ ಬಟ್ಟಿ ಒಗಿಯೋ ಕೋಣಿಗೆ ಕರಕೊಂಡು ಹೋಗಿ ಬಾಗಿಲಾ ಹಾಕಿದೆ. ‘ಖರೆ ಹೇಳು, ಏನ್ ನುಂಗಿದಿ?’

‘ಏನೂ ನುಂಗಿಲ್ರಿ ಅಕ್ಕಾ.’ ಅಷ್ಟು ಅಂದು ಸೆರಗು ಬಾಯಿಗಿಟ್ಕೊಂಡ್ಳು. ನಾ ಇನ್ನಷ್ಟು ಜಬರಿಸಿದೆ. ಕಡೀಗೆ ನೆಲಾ ನೋಡ್ಕೋತ ಹೇಳಿದ್ಳು: ಪರೀಕ್ಷಾಕ್ಕ ಎರಡು ದಿನಾ ಮೊದಲು ಗಂಡನ್ನ ನೋಡಿ ಬರ್ಲಾಕ ಹೋಗಿದ್ಳಂತ. ಉರಿ ಬಿಸಲು. ತಂಪಾಗ್ತದ ಅಂತ ಅಂವ ಒಂದು ಗ್ಲಾಸ್ ಶೇಂದಿ, ಈಚಲ ಗಿಡದ ಹೆಂಡ, ಕೊಟ್ನಂತ, ಕುಡದಳಂತ. ‘ಕಳ್ಳಿ ಅಂತ ತಗದ್ರ ಬ್ಯಾರೆ ಕಡಿ ಕೆಲಸಾ ಹುಡಕ್ತೇನಿ. ಕುಡುಕಿ ಅಂದ್ರ ನನ್ನ ಮಕ್ಕಳು ಸಾಲಿಯಾಗ ಹ್ಯಾಂಗ ತಲಿ ಎತ್ತಬೇಕ್ರಿ?’

ಎಂಥಾ ಹುಚ್ಚು ಲೆಕ್ಕ ನೋಡ್ರಿ. ಖರೆ ಆ ಲೆಕ್ಕ ಹಾಕಿದಾಕಿ ಮ್ಯಾಲ ನನಗ ಸಿಟ್ಟು ಬರ್ಲಿಲ್ಲ.

ಗಡಿ ಕಡಿ ಶೇಂದಿಯಾಗ ಗಿಡದ ರಸ ಕಮ್ಮಿ, ನಿದ್ದಿ ಗುಳಿಗಿ ಪೌಡರ್ ಜಾಸ್ತಿ ಅಂತ ನನ್ನ ಕಿವಿಗೆ ಬಿದ್ದಿತ್ತು. ಡಾಕ್ಟರಿಗೊಬ್ಬರಿಗೇ ಗುಟ್ಟಿನಾಗ ಹೇಳಿದೆ. ಅವರು ಕೆಟ್ಟವರಲ್ಲ, ಪೂರಾ ಕೇಳಿದ್ರು. ಆಮ್ಯಾಲ, ‘ಸಿಕ್ಕಿಬಿದ್ದವರು ಏನಾದರೂ ಕಥೆ ಹೇಳೇ ಹೇಳುತ್ತಾರೆ ಸಿಸ್ಟರ್. ಸೋಮವಾರದವರೆಗೆ ಕಾಯ್ತೀನಿ’ ಅಂದ್ರು.

‘ಪ್ರತ್ಯಕ್ಷ ಕಂಡ್ರೂ ಪರಾಂಬರಿಸಿ ನೋಡು ಅಂತಾರ್ರಿ ನಮ್ಮ ಹಿರ್ಯಾರು’ ಅಂದೆ. ‘ಪರಾಂಬರಿಸಿ ತೋರಸ್ತೇನಿ.’

ರವಿವಾರ ಆಯಾನ್ನ ಕರಕೊಂಡು ಔರಾದ ಬಸ್ ಹತ್ತಿದೆ. ಅಲ್ಲಿಂದ ಚಿಂತಾಕಿ, ಅಲ್ಲಿಂದ ಜೀಪಿನಾಗ ಗಡಿ ಆಚಿ. ಆಕಿ ಗಂಡ ತಗಡಿನ ಶೆಡ್ಡಿನಾಗ ಇದ್ದ. ಸಭ್ಯ ಮನಷ್ಯಾ, ಚಾಪಿ ಹಾಸಿ ಕೂಡಿಸಿದ. ನಾ ಶೇಂದಿ ತಾ ಅಂದ ಕೂಡ್ಲೆ ಹೆಂಡತಿ ಮಾರಿ ನೋಡಿದ, ನನ್ನ ಕೊರಳು ನೋಡಿದ. ‘ಅಕ್ಕೋರಾ, ನಿಮ್ಮಂಥಾವರು…’

‘ನನ್ನ ಲಿಂಗದ ಚಿಂತಿ ನಿನಗ್ಯಾಕ? ತಾ.’

ನಮ್ಮ ಮನಿತನದಾಗ ಏಳು ತಲಿಯಿಂದ ಯಾರೂ ಮುಟ್ಟಿದ್ದಿಲ್ಲ. ಕಣ್ಣು ಮುಚ್ಚಿ, ನನ್ನ ಕಾಯಕದ ಸಲುವಾಗಿ ಇದು ಅಂತ ಒಳಗೇ ಹೇಳ್ಕೊಂಡು ಒಂದು ಗ್ಲಾಸ್ ಪೂರಾ ಕುಡದೆ. ಹುಳಿ, ಹಿಂದ ಒಂದು ಕಹಿ. ಥೂ, ಇದಕ್ಕ ಯಾಕ ಮಂದಿ ಸಾಯ್ತಾರೋ ಅನಿಸ್ತು. ವಾಪಸ್ ಬಸ್ಸಿನಾಗ ಕೂತದ್ದೊಂದೇ ನೆನಪು. ಆಯಾ ಅಲುಗಾಡಿಸಿದ್ರೂ ಎದ್ದಿಲ್ಲ, ಬೀದರದಾಗ ಕಂಡಕ್ಟರ್ ಬಂದು, ‘ಏಳ್ರಿ ಅಮ್ಮಾರ, ಇದು ಬಸ್ ಅದ, ಮನಿ ಅಲ್ಲ’ ಅಂದಾಗೇ ಎಚ್ಚರ.

ಸೋಮವಾರ ಡಾಕ್ಟರ ಮುಂದೇ ನನ್ನ ಡಬ್ಬಿ ಇಟ್ಟೆ. ಲ್ಯಾಬಿನಾಂವ ನಿದ್ದಿ ಗುಳಿಗಿ ಪಟ್ಟಿ ಅದ್ದಿದ. ಒಂದೇ ಗೆರಿ.

‘ನಿನ್ನಿ ಗಡಿಯಾಗ ಒಂದು ಗ್ಲಾಸ್ ಶೇಂದಿ ಕುಡದೇನ್ರಿ. ಗುಳಿಗಿ ಮುಟ್ಟಿಲ್ಲ. ನಾಳಿಯಿಂದ ನನಗೂ ಬ್ಯಾಡ ಅಂತೀರೇನು?’

ಡಾಕ್ಟರು ಪಟ್ಟಿ ಬೆಳಕಿಗಿ ಹಿಡದು ನೋಡಿದ್ರು. ಮಾರಿ ಕೆಂಪಾಗ್ತದ ಅಂತ ಕಾಯ್ದಿದ್ದೆ, ಆಗಲಿಲ್ಲ. ‘ಅಷ್ಟು ಜನ ಇದನ್ನ ದಿನಾ ಕುಡೀತಾರಾ?’ ಅಂತ ಕೇಳಿದ್ರು. ಆಮ್ಯಾಲ, ‘ಅವಳು ಕೆಲಸಕ್ಕೆ ಬರಲಿ’ ಅಂದ್ರು.

ನಾ ಗೆದ್ದ ಖುಷಿಯಾಗ ಆಯಾನ್ನ ಹುಡುಕಿ, ಪಟ್ಟಿ ಅಕಿ ಕೈಯಾಗಿಟ್ಟೆ. ‘ನೋಡು, ನಿನ್ನಂಗೇ ನಂದೂ. ನೌಕರಿ ಉಳೀತು, ಯಾರೂ ನಿನಗ ಕುಡುಕಿ ಅನ್ಲಿಲ್ಲ, ಅಂದ್ರ ನನಗೇ ಅನ್ಬೇಕು.’ ನಗ್ತಾಳ ಅಂದ್ಕೊಂಡಿದ್ದೆ. ಅಕಿ ಆ ಪಟ್ಟಿನ್ನೇ ನೋಡ್ಕೋತ ನಿಂತ್ಳು.

‘ಅಕ್ಕಾ, ನಮ್ಮನಿಯವ್ರು ದಿನಾ ಸಂಜಿಗಿ ಕುಡೀತಾರ್ರಿ, ಅಲ್ಲಿಗಿ ಹೋದಾಗಿಂದ. ಹಬ್ಬಕ್ಕ ಮನಿಗಿ ಬಂದ್ರ ನಿದ್ದಿ ಇಲ್ಲ, ಕೈ ನಡಗತಾವ, ಮಕ್ಕಳ ಮ್ಯಾಲ ಹರಿಹಾಯ್ತಾರ. ಎರಡು ದಿನಾ ನಿಲ್ಲಾಂಗಿಲ್ಲ, ಓಡಿ ಹೋಗ್ತಾರ. ಇದು ಬಿಟ್ಟಿದ್ದಕ್ಕೇನ್ರಿ ಹಂಗ ಆಗ್ತದ?’

‘ಹೌದು’ ಅಂದೆ.

‘ನಾ ಅಲ್ಲಿ ಯಾವಾಕಿನ್ನೋ ಇಟ್ಕೊಂಡಾರ ಅಂತ ತಿಳದಿದ್ದೆ, ಆವತ್ತು ಹೋಗಿದ್ದೂ ಅದನ್ನ ನೋಡ್ಲಾಕೇ. ಹೋದ ಹಬ್ಬಕ್ಕ, ಇನ್ನ ಮನಿ ಹೊಸ್ತಿಲಾ ತುಳೀಬ್ಯಾಡ್ರಿ ಅಂದಿದ್ದೆ.’

ನಾ ಅಕಿ ಹೆಗಲ ಮ್ಯಾಲ ಕೈ ಇಟ್ಟು ಹೇಳಿದೆ: ‘ಕರಕೊಂಡು ಬಾ. ಒಮ್ಮಿಗೇ ಬಿಡಿಸಬ್ಯಾಡ, ಜೀವಕ್ಕ ಧೋಕಾ ಅದ. ಇಲ್ಲಿ ಇಟ್ಕೊಂಡು ಸಾವಕಾಶ ಬಿಡಸ್ತೀವಿ. ಡಾಕ್ಟರಿಗೆ ನಾ ಹೇಳ್ತೇನಿ.’

ಉಳಿದ ನೌಕರಿಯಾಗ ಅಕಿ ಮೊದಲು ಕೇಳಿದ್ದು ರಜಾ. ಆವತ್ತೇ ಮಧ್ಯಾಹ್ನದ ಔರಾದ ಬಸ್ ಹತ್ತಿದ್ಳು.