ಆಧೀ ಅಂದ್ರ ಏನು?

ಎಮರ್ಜೆನ್ಸಿ ಇದ್ದ ವರ್ಷ ಸೋಲಾಪುರದಾಗ ಆಪರೇಶನ್ ಮಾಡಿ ನನ್ನ ಸಣ್ಣ ಕರುಳು ಅರ್ಧಕ್ಕಿಂತ ಹೆಚ್ಚು ತಗದ್ರು. ಉಂಡದ್ದು ಹೊಟ್ಟ್ಯಾಗ ನಿಲ್ತಿರಲಿಲ್ಲ. ಕರುಳಿನ ಓಟ ತಡಿಯಾಕ ಡಾಕ್ಟರು ಗುಳಿಗಿ ಕೊಟ್ಟಿದ್ರು. ಆದ್ರೂ ಚಾದರ ವ್ಯಾಪಾರಕ್ಕಂತ ಅಕ್ಕಲಕೋಟಕ್ಕ ಹೊಂಟ್ರ ಹಾದ್ಯಾಗ ಎರಡು ಸಲ ಎಸ್.ಟಿ. ಬಸ್ಸು ನಿಲ್ಲಿಸಿ ಇಳೀತಿದ್ದೆ. ಕಂಡಕ್ಟರ್ ಮಾರಿ ಗಂಟ ಹಾಕ್ಕೋತಿದ್ದ.

ಒಂದಿನ ಬಾಜೂ ಸೀಟಿಗೆ ಹನ್ನೂರಿನ ಕುರುಬರ ಬೀರಪ್ಪ ಬಂದು ಕುಂತ. ದವಾಖಾನಿ ವಾರ್ಡಿನಾಗ ನನ್ನ ಮಗ್ಗಲ ಮಂಚದವ, ಅವಂಗೂ ಅದ ಆಪರೇಶನ್ ಆಗಿತ್ತು. ಅವಂಗ ಉಳಿದ ಕರುಳು ನನ್ನದಕ್ಕಿಂತ ಗಿಡ್ಡ. ಆದ್ರ ಗಲ್ಲ ತುಂಬಿದ್ವು, ಅಕ್ಕಲಕೋಟ ಬರೂತನಕ ಒಮ್ಮಿನೂ ಏಳಲಿಲ್ಲ. ನನಗ ಹೊಟ್ಟಿ ಉರೀತು. ಉಳಿದಷ್ಟು ಕರುಳೂ ಉರೀತು.

"ನಿನಗ ಬ್ಯಾರೆ ಗುಳಿಗಿ ಕೊಟ್ಟಾರೇನೋ?" ಅಂದೆ.

"ಇಲ್ರಿ ಸಾವಕಾರ್ರ, ಅದ ಬಿಳಿ ಗುಳಿಗಿ. ಉಣ್ಣೂಕಿಂತ ಅರ್ಧಾ ತಾಸು ಮದ್ಲ ತಗೋತೀನಿ."

"ಮದ್ಲ? ಡಾಕ್ಟರು ‘ಜೇವಣಾಚ್ಯಾ ಆಧೀ’ ಅಂದಿದ್ರಲ್ಲೋ! ಆಧೀ ಅಂದ್ರ ಊಟ ಆದಮ್ಯಾಲೆ ಅಲ್ಲೇನು?"

ಮುಂದ ನಿಂತಿದ್ದ ಕಂಡಕ್ಟರ್ ನಕ್ಕ. "ಮರಾಠ್ಯಾಗ ಆಧೀ ಅಂದ್ರ ಮದ್ಲರಿ!"

ಬೀರಪ್ಪ ಮಾತ್ರ ನಗಲಿಲ್ಲ. "ನನಗ ಮರಾಠಿ ಒಂದಕ್ಷರ ಬರೂದಿಲ್ರಿ. ಅದಕ್ಕ ನರ್ಸಬಾಯಾರು ಗುಳಿಗಿ ನುಂಗಿಸಿ, ಗಡಿಯಾರ ತೋರಿಸಿ, ಆಮ್ಯಾಲೆ ಮುಂದ ತಾಟು ಇಟ್ರು."

ಆಪರೇಶನ್ ಹೊತ್ತಿಗೆ ವಿಜಾಪುರ ಬಿಟ್ಟು ಸೋಲಾಪುರಕ್ಕ ಬಂದು ನನಗ ಒಂದು ವರ್ಷ ಆಗಿತ್ತು. ಆ ನರ್ಸಬಾಯಿ ನನಗೂ ತೋರಿಸಾಕಂತ ಬಂದಿದ್ಲು. ‘ಸಮಜ್ಲ, ಸಮಜ್ಲ’, ಎಲ್ಲಾ ತಿಳೀತು ಅಂತ ನಾನ ಶುದ್ಧ ಮರಾಠ್ಯಾಗ ಹೇಳಿ ಕಳಿಸಿದ್ದೆ.