ಪೂರ್ವದ ಗೇಟಿಗೆ ಯಾರ ಹೆಸರು

ಬಾವುಟದಕ್ಕ ತನ್ನ ಹೊಲಿಗೆ ಅಂಗಡಿಯಲ್ಲಿ ಬೆಂಚು ಹಾಕಿಸಿದ್ದು ಗಿರಾಕಿಗಳಿಗೆಂದು. ಆದರೆ ಗಿರಾಕಿಗಳು ಅದರ ಮೇಲೆ ಕೂತದ್ದು ಅಪರೂಪ. ಸಂಜೆಯಾದರೆ ಸಾಕು, ಕೆಲಸ ಮುಗಿಸಿದವರು, ಕೆಲಸಕ್ಕೆ ಚಕ್ಕರ್ ಹೊಡೆದವರು, ಕೆಲಸವೇ ಇಲ್ಲದವರು ಎಲ್ಲರೂ ಬಂದು ಅಲ್ಲಿ ಅಂಟಿಕೊಳ್ಳುತ್ತಿದ್ದರು. ಫುಟ್‌ಬಾಲ್ ಮೈದಾನದ ಹೊರಗೋಡೆಗೆ ತಾಗಿಕೊಂಡ ಮಳಿಗೆ ಅದು. ತಂಡದ ಕೆಂಪು-ಕಪ್ಪು ಬಾವುಟ, ಬ್ಯಾನರು, ಅಂಗಿಯ ಬೆನ್ನಿನ ಅಂಕಿ, ಎಲ್ಲ ಅವಳ ಯಂತ್ರದ ಕೆಳಗೇ ಹಾದು ಹೋಗಬೇಕು. ಅದಕ್ಕೇ ಬಾವುಟದಕ್ಕ. ನಿಜವಾದ ಹೆಸರು ಅವಳಿಗೂ ಮರೆತಿದೆ ಎಂದು ಪಕ್ಕದ ಕಟಿಂಗ್ ಶಾಪಿನವನು ತಮಾಷೆ ಮಾಡುತ್ತಿದ್ದ. ತಮಾಷೆಯಲ್ಲಿ ಅರ್ಧ ನಿಜವೂ ಇತ್ತು.

ಇಷ್ಟು ಬಾವುಟ ಹೊಲಿದವಳು ಪಂದ್ಯದ ದಿನ ಮಾತ್ರ ಅಂಗಡಿಗೆ ಬೀಗ ಹಾಕಿ, ಊರಿನ ಆ ಕೊನೆಯಲ್ಲಿರುವ ಮಗಳ ಮನೆಗೆ ಹೋಗಿಬಿಡುತ್ತಿದ್ದಳು. ಯಾಕೆ ಎಂದು ಹಳಬರು ಕೇಳುತ್ತಿರಲಿಲ್ಲ. ಹೊಸಬರಿಗೆ ಕೇಳುವ ಪುರುಸೊತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಅವಳೂ ಪಂದ್ಯಕ್ಕೆ ಹೋದವಳೇ. ಗಂಡನಿಗಿಂತ ಜೋರಾಗಿ ಕೂಗುತ್ತಿದ್ದಳು. "ನಿನ್ನ ಗಂಟಲಿಗೆ ಎದುರು ತಂಡದ ಗೋಲ್‌ಕೀಪರು ಕೈಲಿದ್ದ ಚೆಂಡು ಬಿಟ್ಟ" ಎಂದು ಅವನು ದಾರಿಯುದ್ದಕ್ಕೂ ಗೇಲಿ ಮಾಡುತ್ತ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ. ಮಗಳು ಹುಟ್ಟಿದ ಮೇಲೆ ಅವಳು ಮನೆಯಲ್ಲೇ ಉಳಿದಳು, ಅವನು ತಮ್ಮನನ್ನು ಜೊತೆ ಮಾಡಿಕೊಂಡ. ಆ ಒಂದು ದಿನ ಮಗುವಿಗೆ ಮೈ ಸುಡುವ ಜ್ವರ. ಹೊರಟು ನಿಂತವನಿಗೆ ಅವಳು ಬಾಗಿಲಲ್ಲೇ ಹೇಳಿದ್ದಳು: "ಮುಗಿಯೋ ತನಕ ಕೂತಿರಬೇಡಿ. ಸ್ವಲ್ಪ ಮುಂಚೆ ಎದ್ದು ಬನ್ನಿ, ಡಾಕ್ಟರ ಹತ್ತಿರ ಹೋಗೋಣ."

ಅವನು ಮಾತು ಕೇಳುವ ಗಂಡ. ಪಂದ್ಯ ಇನ್ನೇನು ಸಮಸಮ ಎನ್ನುವಾಗ, ಮನೆಯಲ್ಲಿ ಕಾಯುತ್ತಿದ್ದಾಳೆ ಎಂದು ತಮ್ಮನಿಗೆ ಹೇಳಿ ಎದ್ದು ಪೂರ್ವದ ಗೇಟಿನ ಮೆಟ್ಟಿಲು ಇಳಿದ. ಸೋಲಿಲ್ಲ, ಗೆಲುವಿಲ್ಲ ಎಂದು ಬೇಜಾರು ಮಾಡಿಕೊಂಡ ಇನ್ನೂ ಎಷ್ಟೋ ಜನ ಇಳಿಯುತ್ತಿದ್ದರು. ಆಗ ಒಳಗೆ ಗೋಲಾಯಿತು. ಕೂಗಿಗೆ ಕೆಳಗಿದ್ದವರು ತಿರುಗಿ ಮೇಲೆ ನುಗ್ಗಿದರು, ಮೇಲಿದ್ದವರು ಕುಣಿಯುತ್ತ ಕೆಳಗೆ ಬಿದ್ದರು. ಇಕ್ಕಟ್ಟು ಮೆಟ್ಟಿಲು, ಅರ್ಧ ಮುಚ್ಚಿದ ಗೇಟು. ಸತ್ತವರನ್ನು ಹೊರತೆಗೆಯುವಾಗಲೂ ಒಳಗೆ ಜನ ಹಾಡುತ್ತಿದ್ದರಂತೆ.

ತಂಡದ ಕಮಿಟಿಯವರು ಪರಿಹಾರವೆಂದು ಈ ಮಳಿಗೆ ಕೊಟ್ಟರು. ಹೊಲಿಗೆ ಗೊತ್ತಿತ್ತು, ಮಗಳು ಚಿಕ್ಕವಳು, ಬೇಡ ಎನ್ನುವ ಸ್ಥಿತಿ ಇರಲಿಲ್ಲ. ಗಂಡನನ್ನು ನುಂಗಿದ ಗೋಡೆಗೆ ಬೆನ್ನು ಒರಗಿಸಿ ಕೂತು ಅವಳು ಬದುಕು ಕಟ್ಟಿಕೊಂಡಳು. ಒಂದು ಮಾತು ಮಾತ್ರ ಯಾರಿಗೂ ಹೇಳದೆ ಒಳಗಿಟ್ಟುಕೊಂಡಳು: ನಾನು ಕರೆದದ್ದಕ್ಕೆ ಬರುತ್ತಿದ್ದ, ಬರುವ ದಾರಿಯಲ್ಲಿ ಸತ್ತ. ಅದು ಅವಳನ್ನು ಕೊರೆಯುತ್ತಿದ್ದ ಮಾತು. ಒಂಟಿ ಇದ್ದಾಗ ಅದನ್ನೇ ತಬ್ಬಿಕೊಳ್ಳುತ್ತಿದ್ದಳು. ಏನೇ ಆಗಲಿ, ನನ್ನ ಕಡೆಗೇ ಬರುತ್ತಿದ್ದನಲ್ಲ.

ಈಗ ಆ ಮೈದಾನದ ಪ್ರತಿ ಗೇಟಿಗೂ ಒಬ್ಬ ಹಳೆಯ ಆಟಗಾರನ ಹೆಸರಿದೆ. ತಂಡ ಕೊಡುವ ದೊಡ್ಡ ಗೌರವ ಅದೇ. ಪೂರ್ವದ ಗೇಟು ಮಾತ್ರ ಅಂದಿನಿಂದ ಇಟ್ಟಿಗೆ ಕಟ್ಟಿಸಿಕೊಂಡು ಹೆಸರಿಲ್ಲದೆ ನಿಂತಿತ್ತು. ಈ ವರ್ಷ ಅದನ್ನು ಒಡೆದು, ಅಗಲ ಮಾಡಿ, ಹೊಸ ಮೆಟ್ಟಿಲು ಕಟ್ಟಿಸಿದರು. ಹೆಸರು ಯಾರದು ಎಂದು ಅಭಿಮಾನಿಗಳೇ ತೀರ್ಮಾನಿಸಲಿ ಎಂದರು. ಅಷ್ಟು ಸಾಕಾಯಿತು, ಬೆಂಚಿಗೆ ಬೆಂಕಿ ಬಿತ್ತು.

"ಗೋಡೆ ಬಿಟ್ಟು ಇನ್ಯಾರಿದ್ದಾರ್ರೀ?" ಎಂದ ಕಟಿಂಗ್ ಶಾಪಿನವನು. ಗೋಡೆ ಎಂದರೆ ಹಳೆಯ ಗೋಲ್‌ಕೀಪರು. "ಕೂದಲು ಕಪ್ಪಗಿದ್ದಾಗ ಬಂದ, ಪೂರ್ತಿ ಉದುರಿದ ಮೇಲೆ ಹೋದ. ಬೇರೆ ತಂಡದ ಅಂಗಿಗೆ ತೋಳು ಹಾಕಿದವನಲ್ಲ. ಬೆರಳು ಮುರಿದಾಗಲೂ ಪಟ್ಟಿ ಸುತ್ತಿಕೊಂಡು ನಿಂತ."

"ನಿಂತ, ನಿಂತ. ನಿಂತದ್ದಕ್ಕೆಲ್ಲ ಗೇಟು ಕೊಡೋದಾದ್ರೆ ಲೈಟ್ ಕಂಬಕ್ಕೂ ಕೊಡಬೇಕು" ಎಂದ ಮೈದುನ. ಗಂಡನ ತಮ್ಮ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು, ಈಗ ಅಭಿಮಾನಿ ಸಂಘದ ಅಧ್ಯಕ್ಷ. "ಕಪ್ ತಂದುಕೊಟ್ಟವನು ಯಾರು? ಆ ಗೋಲು ಹೊಡೆದವನು ಯಾರು? ಕೊನೆನಿಮಿಷ!"

ಕೊನೆನಿಮಿಷ ಎನ್ನುವುದು ಪೂರ್ವದ ಮೆಟ್ಟಿಲಲ್ಲಿ ಜನ ಸತ್ತ ದಿನ ಆ ಗೋಲು ಹೊಡೆದವನಿಗೆ ಊರು ಇಟ್ಟ ಹೆಸರು.

"ಎರಡು ಸೀಸನ್ ಆಡಿ ಎದುರಾಳಿ ತಂಡಕ್ಕೆ ಹಾರಿದವನಿಗೆ ಗೌರವವಾ? ನಮ್ಮ ಮೇಲೇ ಗೋಲು ಹೊಡೆದು ಬಂದು ಬೆರಳು ತೋರಿಸಿದ್ದು ಮರೆತೋಯ್ತಾ?"

"ಆ ಒಂದು ಗೋಲಿಗೆ ಅವನ ನೂರು ತಪ್ಪು ಮಾಫಿ."

"ನಿಮ್ಮಪ್ಪನ ಮನೆ ಮಾಫಿ!"

ಹೀಗೇ. ಟೀ ಆರುತ್ತಿತ್ತು, ದನಿ ಏರುತ್ತಿತ್ತು. ಆಡುವಾಗ ಒದ್ದವರಿಗಿಂತ ಬೆಂಚಿನ ಮೇಲೆ ಕೂತು ಒದ್ದವರೇ ಹೆಚ್ಚು ಬೆವರುತ್ತಿದ್ದರು. ಬಾವುಟದಕ್ಕ ತಲೆ ಎತ್ತದೆ ಕೆಂಪು ಬಟ್ಟೆಯ ಮೇಲೆ ಕಪ್ಪು ಅಕ್ಷರ ಕೂರಿಸುತ್ತಿದ್ದಳು. ಮೈದುನನ ಸಂಘದ ಬ್ಯಾನರು ಅದು. 'ಕೊನೆಯವರೆಗೂ ಕೂರುವವನೇ ನಮ್ಮವನು.' ಆ ಗೋಲಿನ ನಂತರ ಹುಟ್ಟಿದ ಘೋಷಣೆ. ಮುಂಚೆ ಎದ್ದು ಹೋಗುವವರನ್ನು ಹಂಗಿಸಲು ಜನ ಅದನ್ನು ಕೂಗುತ್ತಿದ್ದರು. ಎಷ್ಟು ವರ್ಷದಿಂದ ಎಷ್ಟು ಬ್ಯಾನರಿಗೆ ಅವಳು ಆ ಸಾಲು ಹೊಲಿದಿದ್ದಳೋ. ಯಾರ ಹೆಂಡತಿಯ ಕೈಲಿ ಇದನ್ನು ಹೊಲಿಸುತ್ತಿದ್ದೇವೆ ಎಂದು ಯಾರಿಗೂ ಹೊಳೆದಿರಲಿಲ್ಲ. ಮೈದುನನಿಗೂ.

ಅಥವಾ ಹೊಳೆದಿತ್ತೇನೋ. ಆ ಸಂಜೆ ಎಲ್ಲರೂ ಎದ್ದು ಹೋದರೂ ಅವನು ಕೂತೇ ಇದ್ದ. ಖಾಲಿ ಟೀ ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ, "ಅತ್ತಿಗೆ, ನಿಮ್ಮ ಹತ್ರ ಒಂದು ಮಾತಿತ್ತು" ಎಂದ.

"ಹೇಳಿ."

"ಕಮಿಟಿಯವರು ಒಂದು ಷರತ್ತು ಹಾಕಿದ್ದಾರೆ. ಅಲ್ಲಿ ಸತ್ತವರ ಮನೆಯವರು ಒಪ್ಪಬೇಕಂತೆ. ಕೆಲವರು ಊರು ಬಿಟ್ಟಿದ್ದಾರೆ, ಇಲ್ಲೇ ಇರೋರು ನಿಮ್ಮಿಷ್ಟ ಅಂದಿದ್ದಾರೆ. ಇನ್ನು ನೀವೊಬ್ಬರು. ನೀವು ಹೂಂ ಅಂದ್ರೆ ಕೊನೆನಿಮಿಷನ ಹೆಸರು ಗಟ್ಟಿ."

ಯಂತ್ರ ನಿಂತಿತು. ಅವಳು ಸೂಜಿಯ ಕೆಳಗಿನಿಂದ ಬಟ್ಟೆ ಎಳೆದು, ದಾರ ಕತ್ತರಿಸಿ, ನಿಧಾನಕ್ಕೆ ಮಡಚಿದಳು.

"ಅದೊಂದು ಬೇಡ" ಎಂದಳು. "ಗೋಡೆದು ಹಾಕಿ, ಲೈಟ್ ಕಂಬದ್ದು ಹಾಕಿ. ಆ ಗೋಲಿನ ಹೆಸರು ಆ ಮೆಟ್ಟಿಲ ಮೇಲೆ ಬೇಡ. ಇಷ್ಟು ವರ್ಷದಲ್ಲಿ ನಿಮ್ಮನ್ನ ಏನಾದ್ರೂ ಕೇಳಿದ್ದೀನಾ?"

ಕೇಳಿರಲಿಲ್ಲ. ಕೇಳದೆಯೇ ಅವನು ಎಲ್ಲ ಮಾಡಿದ್ದ. ಮಗಳ ಶಾಲೆ, ಮದುವೆ, ಅಂಗಡಿಯ ಸೋರುವ ತಗಡು, ಯಾವುದಕ್ಕೂ ಅವಳು ಬಾಯಿ ತೆರೆಯುವ ಮೊದಲೇ ಬಂದು ನಿಂತಿದ್ದ. ಅದಕ್ಕೇ ಆ 'ಬೇಡ' ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಯಾಕೆ ಬೇಡ?" ಎಂದ. "ಆ ಗೋಲಿಗೆ ನಮ್ಮಣ್ಣನ ಪ್ರಾಣ ಹೋಗಿದೆ. ಅದು ದೊಡ್ಡ ಗೋಲಾಗಿರಲೇಬೇಕು ಅತ್ತಿಗೆ. ಎಲ್ಲಕ್ಕಿಂತ ದೊಡ್ಡದಾಗಿರಬೇಕು. ಅದೂ ಒಂದು ಸಾಮಾನ್ಯ ಗೋಲು ಅಂತಾದ್ರೆ ಅವನು ಸತ್ತಿದ್ದು ಯಾತಕ್ಕೆ?"

"ಗೋಲಿಗಲ್ಲ ಸತ್ತಿದ್ದು! ನಾನು ಕರೆದೆ, ಬಂದರು. ಮನೆಗೆ ಬರ್ತಾ ಸತ್ತರು. ಆ ಗೋಲು ಅವರಿಗೆ ಬೇಕಾಗೇ ಇರಲಿಲ್ಲ."

ಮೈದುನ ಲೋಟ ಕೆಳಗಿಟ್ಟ. ಹೇಳಬಾರದೆಂದು ಹಲ್ಲು ಕಚ್ಚಿಕೊಂಡವನ ಮುಖ ಹೇಗಿರುತ್ತದೆಂದು ಅವಳಿಗೆ ಅಂದು ತಿಳಿಯಿತು.

"ಅವತ್ತು ಸೈಕಲ್ ಮನೆಗೆ ತಂದದ್ದು ಯಾರು?" ಎಂದ.

"ನೀವು."

"ಓಡಿಸಿಕೊಂಡು ಬಂದೆ. ಬೀಗದ ಕೈ ಎಲ್ಲಿತ್ತು?"

ಅವಳಿಗೆ ತಟ್ಟನೆ ಅರ್ಥವಾಗಲಿಲ್ಲ. ಆಸ್ಪತ್ರೆಯವರು ಗಂಡನ ಜೇಬಿನಲ್ಲಿದ್ದದ್ದನ್ನು ಒಂದು ಕವರಿನಲ್ಲಿ ಹಾಕಿ ಕೊಟ್ಟಿದ್ದರು: ಬಾಚಣಿಗೆ, ಕರವಸ್ತ್ರ, ಹರಿದ ಟಿಕೆಟ್ಟು. ಅವುಗಳನ್ನು ಎಷ್ಟು ಸಲ ತೆಗೆದು ನೋಡಿದ್ದಳು. ಬೀಗದ ಕೈ ಇರಲಿಲ್ಲ. ಇಲ್ಲ ಎಂಬುದು ಈಗ ಗೊತ್ತಾಯಿತು.

"ಸೈಕಲ್ ಸ್ಟ್ಯಾಂಡು ಗೇಟಿನ ಹೊರಗೆ, ರಸ್ತೆ ದಾಟಿ" ಎಂದ ಅವನು. "ಅಲ್ಲಿ ಬೀಗ ತೆಗೆದ ಸೈಕಲ್ಲು ನೆಲಕ್ಕೆ ಬಿದ್ದಿತ್ತು. ಕೈ ಬೀಗದಲ್ಲೇ ನೇತಾಡ್ತಿತ್ತು. ಸ್ಟ್ಯಾಂಡಿನವನು ನೋಡಿದ್ದಾನೆ. ಅಣ್ಣ ಹೊರಗೆ ಬಂದಾಗಿತ್ತು ಅತ್ತಿಗೆ. ಬದುಕಿಯಾಗಿತ್ತು. ಸೈಕಲ್ ಹತ್ತೋದೊಂದು ಬಾಕಿ. ಕೂಗು ಕೇಳಿಸ್ತು. ಸೈಕಲ್ ಬಿಸಾಕಿ ವಾಪಸ್ ಓಡಿದ."

ಹೊರಗೆ ಯಾರೋ ಶಟರು ಎಳೆದ ಸದ್ದಾಯಿತು. ಅವಳು ಕತ್ತರಿಯ ಹಿಡಿಯನ್ನು ನೋಡುತ್ತ ಕೂತಳು.

"ನಿಮ್ಮ ಕಡೆ ಬರ್ತಿದ್ದ ಅಂತಲೇ ನೀವು ಅಂದುಕೊಂಡಿರಿ ಅಂತ ಹೇಳಲಿಲ್ಲ" ಎಂದ ಮೈದುನ. ಅವನ ಕಣ್ಣು ತುಂಬಿತ್ತು. "ಅಷ್ಟಾದ್ರೂ ನಿಮಗೆ ಇರಲಿ ಅಂತ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತ ಗಂಡನ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಮಗು ಸುಡುತ್ತಿತ್ತು, ನಾನು ಬಾಗಿಲಲ್ಲಿ ನಿಂತಿದ್ದೆ, ಆ ಮನುಷ್ಯ ಕೈಯಲ್ಲಿದ್ದ ಸೈಕಲ್ಲು ಎಸೆದು ಚೆಂಡು ನೋಡಲು ಓಡಿದ. ನಾನು ಇಷ್ಟು ವರ್ಷ ಯಾರ ಪಾಪ ಹೊತ್ತೆ? ಯಾರ ಪ್ರೀತಿ ನೆನೆದು ದಿಂಬು ಒದ್ದೆ ಮಾಡಿದೆ?

"ಯಾರ ಹೆಸರು ಬೇಕಾದ್ರೂ ಹಾಕಿಕೊಳ್ಳಿ" ಎಂದಳು. "ನನ್ನದು ಹೂಂ. ಹೋಗಿ."

ಅಂದಿನಿಂದ ಮೈದುನ ಅಂಗಡಿಗೆ ಬರುವುದು ನಿಂತಿತು. ಕಟಿಂಗ್ ಶಾಪಿನವನಿಗೆ ಸೋತ ಮುಖ. "ನೀವಾದ್ರೂ ಒಂದು ಮಾತು ಗೋಡೆ ಕಡೆ ಹೇಳಬಾರದಿತ್ತಾ ಅಕ್ಕಾ?" ಎಂದು ಮೂಗೆಳೆದ. ಅವಳು ಬ್ಯಾನರು ಮುಗಿಸಿದಳು. ಅಂಚಿಗೆ ಎರಡೆರಡು ಹೊಲಿಗೆ ಹಾಕಿದಳು, ಮಳೆಗಾಳಿಗೆ ಹರಿಯದ ಹಾಗೆ. ಹಠಕ್ಕೆ ಹಾಕಿದ ಹೊಲಿಗೆ ಅದು.

ಗೇಟು ತೆರೆಯುವ ದಿನ ಪಂದ್ಯವೂ ಇತ್ತು. ಬ್ಯಾನರು ಒಯ್ಯಲು ಯಾರೂ ಬರಲಿಲ್ಲ. ಮೈದುನನಿಗೆ ಮುಖ ತೋರಿಸುವ ಧೈರ್ಯವಿಲ್ಲ, ಬೇರೆಯವರಿಗೆ ಅವನು ಹೇಳಿಲ್ಲ. ಕೊನೆಗೆ ಅವಳೇ ಅದನ್ನು ಹೆಗಲಿಗೆ ಹಾಕಿಕೊಂಡು ಗೋಡೆಯ ಸುತ್ತ ನಡೆದಳು. ಅಷ್ಟರಲ್ಲಿ ಭಾಷಣ ಮುಗಿದು ಜನ ಒಳಗೆ ಸೇರಿದ್ದರು, ಪಂದ್ಯ ನಡೆಯುತ್ತಿತ್ತು. ಗೇಟಿನ ನೆತ್ತಿಯ ಮೇಲೆ ಕೊನೆನಿಮಿಷನ ಹೆಸರು ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಕೆಳಗೆ ಮೊದಲ ಮೆಟ್ಟಿಲ ಮೇಲೆ ಮೈದುನ ಒಬ್ಬನೇ ಕೂತಿದ್ದ. ಇಷ್ಟೆಲ್ಲ ಜಗಳವಾಡಿ ಗೆದ್ದವನು ಒಳಗೆ ಹೋಗಿರಲಿಲ್ಲ.

ಅವಳು ಬ್ಯಾನರನ್ನು ಅವನ ತೊಡೆಯ ಮೇಲಿಟ್ಟಳು. ಅವನು "ಅತ್ತಿಗೆ" ಎಂದ. ಅವಳು ತಿರುಗಿ ನಡೆದಳು. ಮಗಳ ಮನೆಯ ಬಸ್ಸು ಹಿಡಿಯಬೇಕಿತ್ತು. ರಸ್ತೆ ದಾಟಿದಳು. ಹಿಂದೆ ಸೈಕಲ್ ಸ್ಟ್ಯಾಂಡು ಇದ್ದ ಜಾಗದಲ್ಲಿ ಈಗ ಬೈಕುಗಳ ಸಾಲು. ಇಲ್ಲೇ, ಎಂದುಕೊಂಡಳು. ಇಲ್ಲಿಂದ ಮನೆಗೆ ಎಷ್ಟು ಹತ್ತಿರ. ಹಲ್ಲು ಕಡಿಯುತ್ತ ಮುಂದೆ ಹೆಜ್ಜೆ ಹಾಕಿದಳು.

ಆಗ ಕೂಗು ಎದ್ದಿತು.

ಅದನ್ನು ಇಷ್ಟು ಹತ್ತಿರದಿಂದ ಅವಳು ಕೇಳಿ ಯಾವ ಕಾಲವಾಗಿತ್ತೋ. ಗೋಡೆಯ ಆಚೆಯಿಂದ ಎದ್ದು, ರಸ್ತೆ ತುಂಬಿ, ಎದೆಯೊಳಗೆ ಹೊಕ್ಕು ಕೂತಿತು. ಮುಂದಿನದು ಏನಾಯಿತೆಂದು ಅವಳಿಗೆ ನೆನಪಿಲ್ಲ. ಯಾವುದೋ ಬೈಕಿನ ಕನ್ನಡಿ ಮೊಣಕೈಗೆ ತಾಗಿತು, ಯಾರೋ ಹಾರ್ನ್ ಹೊಡೆದು ಬೈದರು. ಸೆರಗು ಜಾರಿತ್ತು, ಒಂದು ಚಪ್ಪಲಿ ಕಾಲಲ್ಲಿರಲಿಲ್ಲ. ಕೊನೆನಿಮಿಷನ ಹೆಸರಿದ್ದ ಆ ಗೇಟಿನ ಒಳಗೆ ಅವಳು, ಮೈದುನನ ಮುಂದೆ, ಏದುಸಿರು ಬಿಡುತ್ತ ನಿಂತಿದ್ದಳು.

"ಯಾರು ಹೊಡೆದದ್ದು?" ಎಂದು ಕೇಳಿದಳು.

ಮೈದುನ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದ. ಆಮೇಲೆ ತನ್ನ ಬಾಯಿಂದ ಬಂದದ್ದೇನೆಂದು ಅವಳಿಗೂ ಕೇಳಿಸಿತು. ಗೇಟಿನ ಕಂಬಿ ಹಿಡಿದುಕೊಂಡು, ಹೊಸ ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ಕುಸಿದು ಕೂತಳು. ಬ್ಯಾನರಿನ ಒಂದು ತುದಿಯನ್ನು ಬಾಯಿಗೆ ಒತ್ತಿಕೊಂಡು, ಗಂಡ ಸತ್ತ ದಿನ ಅಳಬೇಕಾಗಿದ್ದಷ್ಟನ್ನೂ ಅಲ್ಲಿ ಅತ್ತಳು. ಮೈದುನ ಎದ್ದು ಹೋಗಿ ರಸ್ತೆಯಲ್ಲಿ ಬಿದ್ದಿದ್ದ ಅವಳ ಚಪ್ಪಲಿಯನ್ನು ತಂದು ಕಾಲ ಬಳಿ ಇಟ್ಟ.